ಡಯಾಬ್ಲೊ 2: ಪೆಟ್ಟಿಗೆ ತುಂಬಿದಾಗ ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ

ರಾಕ್ಷಸರನ್ನು ಕೊಂದು ಬಿದ್ದ ವಸ್ತುಗಳನ್ನು ಕೂಡಿಡುವ ಕಂಪ್ಯೂಟರ್ ಆಟ ಡಯಾಬ್ಲೊ 2 ಅನ್ನು ಸ್ವಲ್ಪ ಕಾಲ ಆಡಿದವರ ಹತ್ತಿರ ವಸ್ತುಗಳಿಗೇನೂ ಬರ ಇರುವುದಿಲ್ಲ. ಬರ ಬರುವುದು ಜಾಗಕ್ಕೆ. 2000ದಲ್ಲಿ ಆಟ ಬಂದಾಗ ಸ್ಟ್ಯಾಶ್‌ನಲ್ಲಿ (ಸಾಮಾನಿಡುವ ಪೆಟ್ಟಿಗೆ) ಇದ್ದದ್ದು 24 ಚೌಕ. ಮರುವರ್ಷ ಲಾರ್ಡ್ ಆಫ್ ಡಿಸ್ಟ್ರಕ್ಷನ್ ಎಂಬ ವಿಸ್ತರಣೆ ಬಂದಾಗ 48 ಆಯಿತು. 2021ರ ಹೊಸ ರೂಪ ರಿಸರೆಕ್ಟೆಡ್‌ನಲ್ಲಿ ಒಂದು ಪಾತ್ರಕ್ಕೆ 100 ಚೌಕ, ಜೊತೆಗೆ ಎಲ್ಲ ಪಾತ್ರಗಳೂ ಹಂಚಿಕೊಳ್ಳುವ 100 ಚೌಕದ ಮೂರು ಟ್ಯಾಬ್. ಇಷ್ಟು ಸಿಕ್ಕ ಮೇಲೆ ಇನ್ನೇನು ಬೇಕು ಅಂತ ಖುಷಿಪಟ್ಟಿದ್ದೆವು. ಅದೂ ತುಂಬಿತು. ಎಷ್ಟು ಕೊಟ್ಟರೂ ತುಂಬುತ್ತೆ ಬಿಡಿ.

ಜಾಗ ಸಾಲದವರು ಸಾಮಾನ್ಯವಾಗಿ ಮ್ಯೂಲ್ ಮಾಡುತ್ತಾರೆ. ಅಂದರೆ ಸಾಮಾನು ಇಡುವುದಕ್ಕೆಂದೇ ಹೊಸ ಪಾತ್ರ. ನನಗೆ ಅದು ಬೇಡ ಅನ್ನಿಸಿತು. ಯಾವುದು ಯಾವ ಮ್ಯೂಲ್‌ನಲ್ಲಿದೆ ಅಂತ ಹುಡುಕುವುದರಲ್ಲೇ ಸಂಜೆ ಕಳೆಯುತ್ತೆ. ಇರುವ ಪೆಟ್ಟಿಗೆಯಲ್ಲೇ ಹಿಡಿಸಬೇಕು, ಹಿಡಿಸದ್ದು ಹೋಗಬೇಕು ಅಂತ ಇಟ್ಟುಕೊಂಡೆ. ಆಮೇಲೆ ಶುರುವಾದದ್ದು ನಿಜವಾದ ಲೆಕ್ಕ.

ನನ್ನ ಮುಖ್ಯ ಪಾತ್ರ ಬ್ಲಿಜರ್ಡ್ (ಹಿಮಗಾಳಿ) ಮಂತ್ರದ ಸಾರ್ಸರೆಸ್, ಅಂದರೆ ಮಾಂತ್ರಿಕಳು. ಕೆಲಸ ಒಂದೇ. ಅತಿ ಕಷ್ಟದ ಹೆಲ್ ಮಟ್ಟದಲ್ಲಿ ಡ್ಯೂರೆನ್ಸ್ ಆಫ್ ಹೇಟ್ ಎಂಬ ನೆಲಮಾಳಿಗೆಯ ಎರಡನೇ ಮಹಡಿಯ ವೇಪಾಯಿಂಟ್‌ನಿಂದ ಟೆಲಿಪೋರ್ಟ್ ಮಾಡುತ್ತಾ, ಅಂದರೆ ಮಂತ್ರದಿಂದ ಹಾರಿ ಹಾರಿ, ಮೂರನೆಯದಕ್ಕೆ ಇಳಿಯುವುದು, ಅಲ್ಲಿನ ದೊಡ್ಡ ರಾಕ್ಷಸ ಮೆಫಿಸ್ಟೊನನ್ನು ಕೊಲ್ಲುವುದು, ಬಿದ್ದದ್ದನ್ನು ಆರಿಸಿಕೊಂಡು ಬರುವುದು. ಹೀಗಾಗಿ ಪೆಟ್ಟಿಗೆಗೆ ಒಳಹರಿವು ಜೋರು.

ಮೊದಲು ಹೋದದ್ದು ವಿಂಡ್‌ಫೋರ್ಸ್. ಅದು ಹೈಡ್ರಾ ಬಿಲ್ಲು, ಯುನೀಕ್ (ತನ್ನದೇ ಹೆಸರು, ಗುಣ ಇರುವ ವಸ್ತು), ನಿಜಕ್ಕೂ ಅಪರೂಪ. ಒಂದು ಕಾಲಕ್ಕೆ ಬಿಲ್ಲು ಹಿಡಿದವರೆಲ್ಲ ಕನಸು ಕಂಡ ವಸ್ತು. ಆದರೆ ನನಗೆ ಬಿಲ್ಲು ಹಿಡಿಯುವ ಅಮೆಜಾನ್ ಪಾತ್ರ ಇಲ್ಲ, ಮಾಡುವ ಯೋಚನೆಯೂ ಇರಲಿಲ್ಲ. ಬಿಲ್ಲು 2 ಅಗಲ, 4 ಎತ್ತರ, ಅಂದರೆ 8 ಚೌಕ. ಆ ಜಾಗದಲ್ಲಿ 8 ರೂನ್ (ಆಯುಧ, ಕವಚಗಳ ಸಾಕೆಟ್ ಎಂಬ ತೂತಿಗೆ ಕೂರಿಸುವ ಕಲ್ಲು) ಕೂರುತ್ತೆ. ನನ್ನ ತಮ್ಮನದು ಬಿಲ್ಲಿನ ಅಮೆಜಾನ್. ಪೆಟ್ಟಿಗೆ ತೋರಿಸಿದ ದಿನವೇ ಕೇಳಿದ್ದ, "ಅಣ್ಣಾ, ಇದನ್ನ ಸುಮ್ನೆ ನೋಡ್ಕೊಂಡು ಕೂತಿರ್ತೀಯಾ?"

"ಮುಂದೆ ಯಾವಾಗಾದ್ರೂ ಬೇಕಾಗ್ಬಹುದು ಕಣೋ."

"ಯಾರಿಗೆ?"

ಉತ್ತರ ಇರಲಿಲ್ಲ. ಕೊಟ್ಟುಬಿಟ್ಟೆ. ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳ ಹಾಗೆ ಇಂಥವು ಪೆಟ್ಟಿಗೆಯಲ್ಲಿ ಇನ್ನೂ ಹಲವು ಇದ್ದವು. ಬಾರ್ಬೇರಿಯನ್ ಇಲ್ಲದ ಮನೆಯಲ್ಲಿ ಗ್ರ್ಯಾಂಡ್‌ಫಾದರ್ ಕತ್ತಿ ಯಾಕೆ? "ಇದನ್ನು ಈಗ ಯಾರು ತೊಡುತ್ತಾರೆ" ಅಂತ ಕೇಳಿದ್ದಕ್ಕೇ ಒಂದು ಟ್ಯಾಬ್‌ನಷ್ಟು ಸಾಮಾನು ಹೊರಬಿತ್ತು. ಇದು ಸುಲಭದ ಭಾಗ.

ಸೆಟ್ ವಸ್ತುಗಳಲ್ಲಿ, ಅಂದರೆ ಒಟ್ಟಿಗೆ ತೊಟ್ಟರೆ ಹೆಚ್ಚು ಕೊಡುವವುಗಳಲ್ಲಿ, ಮನಸ್ಸು ಸ್ವಲ್ಪ ಜಾಸ್ತಿ ಎಳೆಯುತ್ತೆ. ಟಾಲ್ ರಾಶಾ ಸೆಟ್‌ನಲ್ಲಿ ಐದು ತುಂಡು. ನನ್ನ ಹತ್ತಿರ ಕವಚ ಬಿಟ್ಟು ಉಳಿದ ನಾಲ್ಕೂ ಇದ್ದವು. ಕವಚದಲ್ಲೇ 88 ಮ್ಯಾಜಿಕ್ ಫೈಂಡ್ (ಒಳ್ಳೆಯ ವಸ್ತು ಬೀಳುವ ಸಾಧ್ಯತೆ ಹೆಚ್ಚಿಸುವ ಗುಣ) ಇದೆ, ಸಿಗದೆ ಸತಾಯಿಸುವುದೂ ಅದೇ. ಕವಚಕ್ಕೆ ಕಾಯುತ್ತಾ ನಾಲ್ಕನ್ನು ಕಾಪಾಡುವುದೋ, ಬೇಡವೋ? ನಾಲ್ಕರಲ್ಲಿ ಮೂರು ಮತ್ತೆ ಮತ್ತೆ ಬೀಳುವಂಥವು. ಹಾಗಾಗಿ ಮಂತ್ರಗೋಳವೊಂದನ್ನು ಇಟ್ಟುಕೊಂಡು ಬೆಲ್ಟ್, ಮುಖವಾಡ, ಕೊರಳ ಸರ ಮೂರನ್ನೂ ಬಿಟ್ಟೆ. ಕವಚ ಬಿದ್ದ ದಿನ ಉಳಿದವನ್ನು ಹುಡುಕಿಕೊಂಡರಾಯಿತು.

ಈಗ ಕಷ್ಟದ್ದಕ್ಕೆ ಬರುತ್ತೇನೆ. ತೊಡುತ್ತಿರುವ ವಸ್ತುವನ್ನೇ ಬಿಡುವುದು.

ಕೈಯಲ್ಲಿದ್ದದ್ದು ಆಕ್ಯುಲಸ್ ಎಂಬ ಮಂತ್ರಗೋಳ. ಸಾರ್ಸರೆಸ್‌ನ ಎಲ್ಲ ಮಂತ್ರಗಳಿಗೂ +3, ಮಂತ್ರದ ವೇಗ, ಅಂದರೆ ಎಫ್‌ಸಿಆರ್ 30, ಮ್ಯಾಜಿಕ್ ಫೈಂಡ್ 50, ಎಲ್ಲ ರೆಸಿಸ್ಟ್ (ಬೆಂಕಿ, ಚಳಿ, ಮಿಂಚು, ವಿಷ ತಡೆಯುವ ಶಕ್ತಿ) 20. ಕಾಗದದ ಮೇಲೆ ಬಿಡುವಂಥದ್ದೇ ಅಲ್ಲ. ಆದರೆ ಇದಕ್ಕೊಂದು ಕೆಟ್ಟ ಚಾಳಿ ಇದೆ. ಏಟು ಬಿದ್ದರೆ 50 ಶೇಕಡಾ ಸಲ ತಾನಾಗಿ ಟೆಲಿಪೋರ್ಟ್ ಆಗಿಬಿಡುತ್ತೆ. ನಾವು ಮೂಲೆಯಲ್ಲಿ ಕ್ಷೇಮವಾಗಿ ನಿಂತಿರುತ್ತೇವೆ, ಎಲ್ಲಿಂದಲೋ ಒಂದು ಬೆಂಕಿಯುಂಡೆ ತಾಗುತ್ತೆ, ಮರುಕ್ಷಣ ಮೆಫಿಸ್ಟೊನ ಕೌನ್ಸಿಲ್ ಸದಸ್ಯರ ನಡುವೆ ಇರುತ್ತೇವೆ. ಹೆಲ್‌ನಲ್ಲಿ ಅಲ್ಲಿಂದ ಎದ್ದು ಬರುವುದು ಅಪರೂಪ.

ಬದಲಿಗೆ ಇದ್ದದ್ದು ಸ್ಪಿರಿಟ್ ರೂನ್‌ವರ್ಡ್‌ನ ಕ್ರಿಸ್ಟಲ್ ಕತ್ತಿ. ರೂನ್‌ವರ್ಡ್ ಅಂದರೆ ಸಾಕೆಟ್‌ಗಳಿಗೆ ಇಂಥದ್ದೇ ಕ್ರಮದಲ್ಲಿ ಕೂರಿಸಿದ ರೂನ್‌ಗಳು. ಇದಕ್ಕೆ ಟಾಲ್, ಥುಲ್, ಆರ್ಟ್, ಆಮ್ನ್. ನಾಲ್ಕೂ ಸಣ್ಣ ರೂನ್. ಯಾರ ಪೆಟ್ಟಿಗೆಯಲ್ಲಾದರೂ ಬಿದ್ದಿರುತ್ತವೆ. ಹೆಸರಿನಲ್ಲಿ, ಬಣ್ಣದಲ್ಲಿ ಆಕ್ಯುಲಸ್ ಪಕ್ಕ ನಿಲ್ಲುವಂಥದ್ದಲ್ಲ. ಎಲ್ಲ ಮಂತ್ರಗಳಿಗೂ +2, ಏಟಿನಿಂದ ಚೇತರಿಸಿಕೊಳ್ಳುವ ವೇಗ 55, ವೈಟಾಲಿಟಿ (ಜೀವಬಲ) 22, ಜೊತೆಗೆ ನೂರರ ಆಸುಪಾಸು ಮಾನಾ, ಅಂದರೆ ಮಂತ್ರಶಕ್ತಿ. ಟೆಲಿಪೋರ್ಟ್ ಚಾಳಿ ಇಲ್ಲ.

ತಡೆದದ್ದು ಮ್ಯಾಜಿಕ್ ಫೈಂಡ್. ನನ್ನ ಒಟ್ಟು ಲೆಕ್ಕ 280 ಇತ್ತು, ಅದರಲ್ಲಿ 50 ಹೋಗುತ್ತೆ ಅಂದರೆ ಹೊಟ್ಟೆ ಉರಿಯುತ್ತೆ. ಆಗ ಸೂತ್ರ ಹಿಡಿದು ಕೂತೆ. ಯುನೀಕ್ ವಸ್ತುಗಳಿಗೆ ನಿಜವಾಗಿ ಕೆಲಸ ಮಾಡುವ ಮ್ಯಾಜಿಕ್ ಫೈಂಡ್ ಬೇರೆಯೇ ಇದೆ. ನಮ್ಮ ಸಂಖ್ಯೆಯನ್ನು 250ರಿಂದ ಗುಣಿಸಿ, ಬಂದದ್ದನ್ನು ನಮ್ಮ ಸಂಖ್ಯೆಗೆ 250 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. 280ಕ್ಕೆ ಬರುವುದು 132. 230ಕ್ಕೆ 120. ಅಂದರೆ 50 ಕಳೆದುಕೊಂಡರೂ ನಿಜವಾಗಿ ಹೋಗುವುದು 12. ಮೊದಲ ನೂರು ಚೆನ್ನಾಗಿ ದುಡಿಯುತ್ತೆ, 71 ಕೊಡುತ್ತೆ. ಮೇಲೆ ಮೇಲೆ ಹೋದಂತೆ ಸೋಮಾರಿಯಾಗುತ್ತೆ. ಈ ಒಂದು ಲೆಕ್ಕ ನನ್ನ ಪೆಟ್ಟಿಗೆಯ ಅರ್ಧ ಜಗಳ ಬಗೆಹರಿಸಿತು.

ಎರಡನೇ ತೊಡಕು ಎಫ್‌ಸಿಆರ್. ಸಾರ್ಸರೆಸ್‌ಗೆ ಇದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. 9, 20, 37, 63, 105, 200. ನಡುವಿನ ಸಂಖ್ಯೆಗಳಿಗೆ ಬೆಲೆಯೇ ಇಲ್ಲ. 63ಕ್ಕೆ ಒಂದು ಮಂತ್ರ 9 ಫ್ರೇಮ್ (ಆಟದ ಚಿತ್ರದ ಒಂದು ಕ್ಷಣ; ಕಡಿಮೆಯಾದಷ್ಟು ವೇಗ), 105ಕ್ಕೆ 8 ಫ್ರೇಮ್. ಟೆಲಿಪೋರ್ಟ್ ಮಾಡುತ್ತಾ ಓಡುವವರಿಗೆ ಆ ಒಂದು ಫ್ರೇಮ್ ಬೆರಳಿಗೇ ಗೊತ್ತಾಗುತ್ತೆ. ನನ್ನದು ವೈಪರ್‌ಮ್ಯಾಗಿ ಕವಚ 30, ಅರಾಕ್ನಿಡ್ ಬೆಲ್ಟ್ 20, ಸ್ಪಿರಿಟ್ ಗುರಾಣಿ 28, ಆಕ್ಯುಲಸ್ 30. ಒಟ್ಟು 108. ಆಕ್ಯುಲಸ್ ತೆಗೆದು ಕತ್ತಿ ಹಿಡಿದರೆ? ಸ್ಪಿರಿಟ್‌ನಲ್ಲಿ ಎಫ್‌ಸಿಆರ್ 25ರಿಂದ 35ರವರೆಗೆ ಬರಬಹುದು, ನನ್ನ ಕತ್ತಿಗೆ ಬಂದದ್ದು ತಳದ 25. ಒಟ್ಟು 103. ಆಟದ ಕಣ್ಣಿಗೆ 103 ಒಂದೇ, 63 ಒಂದೇ.

ಇನ್ನೊಂದು ಸ್ಪಿರಿಟ್ ಮಾಡಬಹುದಿತ್ತು, ಆದರೆ ನಾಲ್ಕು ಸಾಕೆಟ್‌ನ ಇನ್ನೊಂದು ಕ್ರಿಸ್ಟಲ್ ಕತ್ತಿ ಕೈಯಲ್ಲಿರಲಿಲ್ಲ. ಉಳಿದದ್ದು ಉಂಗುರ. ಒಂದು ಕೈಯಲ್ಲಿ ರೇವನ್ ಫ್ರಾಸ್ಟ್. ಚಳಿ ಹಿಡಿದು ಓಟ ನಿಧಾನವಾಗದ ಹಾಗೆ ಕಾಯುವುದು ಅದೇ, ಮುಟ್ಟುವ ಹಾಗಿಲ್ಲ. ಇನ್ನೊಂದು ಕೈಯಲ್ಲಿ ಸ್ಟೋನ್ ಆಫ್ ಜೋರ್ಡಾನ್. ಹಳಬರಿಗೆ ಈ ಉಂಗುರದ ಮೇಲಿರುವ ಮೋಹ ಹೇಳಿ ತೀರದು. ಒಂದು ಕಾಲಕ್ಕೆ ಆನ್‌ಲೈನ್‌ನಲ್ಲಿ ದುಡ್ಡಿನ ಬದಲು ನಡೆಯುತ್ತಿದ್ದದ್ದೇ ಇದು. 2003ರ 1.10 ಪ್ಯಾಚ್ ನಂತರ ಎಷ್ಟು ಜೋರ್ಡಾನ್ ಅಂಗಡಿಗೆ ಮಾರಿದ್ದಾರೆ ಅಂತ ಆಟದಲ್ಲೇ ಸಂದೇಶ ಬರುತ್ತಿತ್ತು. ಅದು ಕೊಡುವುದು ಮಂತ್ರಗಳಿಗೆ +1, ಸ್ವಲ್ಪ ಮಾನಾ. ಪೆಟ್ಟಿಗೆಯ ಮೂಲೆಯಲ್ಲಿ ಹಳದಿ ಬಣ್ಣದ ರೇರ್ ಉಂಗುರವೊಂದಿತ್ತು. ಅದರಲ್ಲಿ ಎಫ್‌ಸಿಆರ್ 10, ಸ್ವಲ್ಪ ಸ್ಟ್ರೆಂತ್, ಅಷ್ಟೇ. ಹೆಸರೂ ನೆನಪಿಲ್ಲ. ಅದನ್ನು ಹಾಕಿದರೆ 113. ಜೋರ್ಡಾನ್ ಪೆಟ್ಟಿಗೆಗೆ ಹೋಯಿತು, ಹೆಸರಿಲ್ಲದ್ದು ಬೆರಳಿಗೆ ಬಂತು.

ಮೂರನೆಯದು ಬೆಂಕಿ. ಹೆಲ್‌ನಲ್ಲಿ ಎಲ್ಲ ರೆಸಿಸ್ಟ್‌ನಲ್ಲೂ 100 ಕಳೆಯುತ್ತಾರೆ. ಆನ್ಯಾ ಎಂಬ ಪಾತ್ರವನ್ನು ಬಿಡಿಸುವ ಕೆಲಸವನ್ನು ಮೂರೂ ಮಟ್ಟದಲ್ಲಿ ಮುಗಿಸಿದರೆ 30 ವಾಪಸ್. ಅಂದರೆ ಮೈನಸ್ 70ರಿಂದ ಹತ್ತಿ ಮಿತಿಯಾದ 75 ಮುಟ್ಟಲು 145 ಕೂಡಿಸಬೇಕು. ಸ್ಪಿರಿಟ್ ಗುರಾಣಿ ಚಳಿ, ಮಿಂಚು, ವಿಷ ಮೂರಕ್ಕೂ 35 ಕೊಡುತ್ತೆ, ಬೆಂಕಿಗೆ ಕೊಡುವುದಿಲ್ಲ. ಆಕ್ಯುಲಸ್ ಹೋದಾಗ 20 ಹೋಯಿತಲ್ಲ, ತೂತು ಬಿದ್ದದ್ದು ಬೆಂಕಿಯಲ್ಲೇ.

ಮುಚ್ಚಲು ಸಣ್ಣ ಚಾರ್ಮ್ (ಚೀಲದಲ್ಲಿದ್ದರೇ ಗುಣ ಕೊಡುವ ತಾಯಿತ) ಬೇಕು, ಚಾರ್ಮ್ ಇಡಲು ಚೀಲದಲ್ಲಿ ಜಾಗ ಬೇಕು. ಚೀಲದಲ್ಲಿ ಒಟ್ಟು 40 ಚೌಕ. ವಸ್ತುಗಳನ್ನು ಬೆರೆಸಿ ಬೇರೆಯದು ಮಾಡುವ ಹೊರಾಡ್ರಿಕ್ ಕ್ಯೂಬ್‌ಗೆ 4, ಎರಡು ಪುಸ್ತಕಗಳಿಗೆ 4. ಬಿದ್ದ ಕವಚ ಎತ್ತಿಕೊಳ್ಳಲು 6 ಆದರೂ ಖಾಲಿ ಇರಬೇಕು. ಉಳಿದದ್ದೆಲ್ಲ ಚಾರ್ಮ್‌ಗಳ ಪೈಪೋಟಿ. ಮೂರು ಚೌಕ ಹಿಡಿದು ಕೂತಿದ್ದದ್ದು ಗೀಡ್ಸ್ ಫಾರ್ಚೂನ್, ನನ್ನದರಲ್ಲಿ ಮ್ಯಾಜಿಕ್ ಫೈಂಡ್ 31. ಒಬ್ಬರು ಒಂದೇ ಇಟ್ಟುಕೊಳ್ಳಬಹುದಾದ ಚಾರ್ಮ್ ಅದು. ಅದೇ ಮೂರು ಚೌಕದಲ್ಲಿ ಬೆಂಕಿ ರೆಸಿಸ್ಟ್‌ನ ಮೂರು ಸಣ್ಣ ಚಾರ್ಮ್ ಇಟ್ಟರೆ 11, 10, 8. ಗೀಡ್ಸ್ ತೆಗೆದೆ. ಮ್ಯಾಜಿಕ್ ಫೈಂಡ್ 199ಕ್ಕೆ ಇಳಿಯಿತು, ನಿಜವಾದ ಲೆಕ್ಕದಲ್ಲಿ 111. ಮೊದಲಿನ 132ಕ್ಕೆ ಹೋಲಿಸಿದರೆ ಯುನೀಕ್ ಬೀಳುವ ಸಾಧ್ಯತೆ ಸುಮಾರು 9 ಶೇಕಡಾ ಕಡಿಮೆ. ಆದರೆ ಸಾಯುವುದು ನಿಂತಿತು. ಸತ್ತು, ಹೆಣ ಎತ್ತಿಕೊಂಡು, ಮತ್ತೆ ಓಡುವ ಸಮಯದಲ್ಲಿ ಇನ್ನೊಂದು ಮೆಫಿಸ್ಟೊ ಮುಗಿಯುತ್ತೆ. ಆ 9 ಎಲ್ಲೋ ತುಂಬಿಹೋಯಿತು.

ಇಲ್ಲಿ ಒಂದು ಮಾತು. ಆಕ್ಯುಲಸ್ ಅನ್ನು ಮಾರಿದೆ, ಜೋರ್ಡಾನ್ ಮತ್ತು ಗೀಡ್ಸ್ ಅನ್ನು ಮಾರಲಿಲ್ಲ. ಆಕ್ಯುಲಸ್ ಇದೇ ಮೆಫಿಸ್ಟೊನ ಹತ್ತಿರ ಮತ್ತೆ ಸಿಗುತ್ತೆ. ಅದಕ್ಕೆ 3 ಚೌಕ ಕೊಟ್ಟು ಕಾಪಾಡುವ ಅಗತ್ಯ ಇಲ್ಲ. ಜೋರ್ಡಾನ್ ಹಾಗಲ್ಲ, ಹಿಡಿಯುವುದೂ ಒಂದೇ ಚೌಕ. ವಸ್ತು ಎಷ್ಟು ಅಪರೂಪ ಅನ್ನುವುದು ನನಗೆ ಲೆಕ್ಕಕ್ಕೆ ಬರುವುದು ಇಷ್ಟರಲ್ಲಿ ಮಾತ್ರ: ಕಳೆದುಕೊಂಡರೆ ಮತ್ತೆ ಸಿಗುತ್ತಾ? ತೊಡಬೇಕೋ ಬೇಡವೋ ಅನ್ನುವುದಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ.

ಕೆಲವನ್ನು ಯೋಚಿಸದೆ ಬಿಡಬಹುದು. ಫ್ರಾಸ್ಟ್‌ಬರ್ನ್ ಕೈಗವಸು ಮಾನಾಕ್ಕೆ ಅಂತ ಇಟ್ಟುಕೊಂಡಿದ್ದೆ. ಲುಟ್ ಘೊಲೇನ್‌ನಿಂದ ತಂದ ಮರ್ಸಿನರಿಯ (ಬಾಡಿಗೆ ಸೈನಿಕ) ಕೈಗೆ ಮಾನಾ ತುಂಬುವ ರೂನ್‌ವರ್ಡ್ ಇನ್‌ಸೈಟ್ ಕೊಟ್ಟ ಮೇಲೆ ಮಾನಾ ತಾನಾಗಿ ತುಂಬುತ್ತಿತ್ತು, ಫ್ರಾಸ್ಟ್‌ಬರ್ನ್ ಹೋಗಿ ಮ್ಯಾಜಿಕ್ ಫೈಂಡ್ ಕೊಡುವ ಚಾನ್ಸ್ ಗಾರ್ಡ್ಸ್ ಬಂತು. ರಿಪೇರಿ ಆಗದ ಎಥಿರಿಯಲ್ ವಸ್ತುಗಳನ್ನು ನಾನು ತೊಡುವುದಿಲ್ಲ, ಆದರೆ ಮಾರುವುದೂ ಇಲ್ಲ. ಮರ್ಸಿನರಿಯ ಮೈಮೇಲೆ ಅವು ಸವೆಯುವುದೇ ಇಲ್ಲವಲ್ಲ. ಇನ್ನು ಶಾಕೊ ಟೋಪಿಯ ಸಾಕೆಟ್. ಅಲ್ಲಿ ಇಸ್ಟ್ ರೂನ್ ಹಾಕಿದರೆ ಮ್ಯಾಜಿಕ್ ಫೈಂಡ್ 25, ಪರ್ಫೆಕ್ಟ್ ಟೋಪಾಜ್ ಹಾಕಿದರೆ 24. ಒಂದಕ್ಕೋಸ್ಕರ ಇಸ್ಟ್ ಕಳೆಯುವವರು ಈಗಲೂ ಇದ್ದಾರೆ. ಏನು ಹೇಳೋಣ.

ಬೇಡದ ಗ್ರ್ಯಾಂಡ್ ಚಾರ್ಮ್‌ಗಳನ್ನು ಮಾತ್ರ ಅಂಗಡಿಗೆ ಹಾಕುವ ಮುಂಚೆ ನೋಡುತ್ತೇನೆ. ಬಾಲ್, ಡಯಾಬ್ಲೊ, ನಿಹ್ಲಾಥಕ್ ಎಂಬ ದೊಡ್ಡ ಶತ್ರುಗಳು ಬೀಳಿಸಿದ್ದಾದರೆ ಮೂರು ಪರ್ಫೆಕ್ಟ್ ರತ್ನದ ಜೊತೆ ಕ್ಯೂಬ್‌ಗೆ ಹಾಕಿ ಮತ್ತೆ ಉರುಳಿಸಿ ಹೊಸ ಗುಣ ಪಡೆಯಬಹುದು. ಉಳಿದ ಯುನೀಕ್‌ಗಳು ಸೀದಾ ಅಂಗಡಿಗೆ. ಹೆಲ್‌ನಲ್ಲಿ ಎಂಥ ವಸ್ತುವಿಗೂ 35,000ಕ್ಕಿಂತ ಜಾಸ್ತಿ ಕೊಡುವುದಿಲ್ಲ, ಆ ಚಿನ್ನ ಜೂಜಿಗೆ ಹೋಗುತ್ತೆ.

ಕೊನೆಗೆ ನಿಂತದ್ದು ಬೆರ್ ರೂನ್. ಒಂದೇ ಒಂದು ಇತ್ತು. ಇನ್ಫಿನಿಟಿ ರೂನ್‌ವರ್ಡ್‌ಗೆ ಎರಡು ಬೆರ್ ಬೇಕು, ಅದೂ ಮಿಂಚಿನ ಸಾರ್ಸರೆಸ್‌ಗೆ ಕೊಡುವಷ್ಟು ಲಾಭವನ್ನು ನನ್ನ ಬ್ಲಿಜರ್ಡ್‌ಗೆ ಕೊಡುವುದಿಲ್ಲ. ಎನಿಗ್ಮಾಗೆ ಜಾಹ್, ಇಥ್, ಬೆರ್. ಎನಿಗ್ಮಾ ಮಾಡುವುದೇ ಟೆಲಿಪೋರ್ಟ್‌ಗೆ, ಅದು ಸಾರ್ಸರೆಸ್‌ಗೆ ಹುಟ್ಟಿನಿಂದಲೇ ಬರುತ್ತೆ. ತಮ್ಮನ ಪ್ಯಾಲಡಿನ್ ಮಾತ್ರ ಜಾಹ್ ಹಿಡಿದುಕೊಂಡು ಕಾಯುತ್ತಿದ್ದ. ನನಗೆ ಬೇಕಿದ್ದದ್ದು ವೆಕ್ಸ್. ಕೋ, ಪುಲ್, ಥುಲ್ ಇದ್ದವು, ವೆಕ್ಸ್ ಸೇರಿದರೆ ಹಾರ್ಟ್ ಆಫ್ ದಿ ಓಕ್ ಆಗುತ್ತೆ. ಕ್ಯೂಬ್ ಲೆಕ್ಕದಲ್ಲಿ ಒಂದು ಬೆರ್ ಅಂದರೆ 16 ವೆಕ್ಸ್. ವ್ಯಾಪಾರ ಬಲ್ಲವರು ಕೇಳಿದರೆ ನಗುತ್ತಾರೆ.

"ಒಂದು ವೆಕ್ಸ್‌ಗೆ ಕೊಡ್ತೀಯಾ? ನಿಜವಾಗ್ಲೂ?" ಅಂತ ತಮ್ಮ ಎರಡು ಸಲ ಕೇಳಿದ.

"ಬೇಗ ಟ್ರೇಡ್ ಒತ್ತೋ, ಮನಸ್ಸು ಬದಲಾಗೋ ಮುಂಚೆ."

ನಾಲ್ಕು ಸಾಕೆಟ್‌ನ ಫ್ಲೇಲ್‌ಗೆ ನಾಲ್ಕು ರೂನ್ ಕೂರಿಸಿದೆ. ಮಂತ್ರಗಳಿಗೆ +3, ಎಫ್‌ಸಿಆರ್ 40, ಎಲ್ಲ ರೆಸಿಸ್ಟ್ 36. ಎಫ್‌ಸಿಆರ್ 118 ಆಯಿತು, ಹಳದಿ ಉಂಗುರ ಇಳಿದು ಜೋರ್ಡಾನ್ ಬೆರಳಿಗೆ ಮರಳಿತು. ಬೆಂಕಿಯ ತೂತು ಮುಚ್ಚಿತು, ಗೀಡ್ಸ್ ಚೀಲಕ್ಕೆ ಬಂತು. ಮೂರು ಸಣ್ಣ ಚಾರ್ಮ್‌ಗಳನ್ನೂ ಹಳದಿ ಉಂಗುರವನ್ನೂ ತಮ್ಮನಿಗೇ ಕಳಿಸಿದೆ. ಎನಿಗ್ಮಾ ತೊಟ್ಟ ಪ್ಯಾಲಡಿನ್‌ಗೆ ಈಗ ಎಫ್‌ಸಿಆರ್ ಸಾಲುತ್ತಿಲ್ಲವಂತೆ.