ಲಿವರ್ ಗಡ್ಡೆಗೆ ಸೂಜಿ ಹಾಕುವ ಮೊದಲು

ಆಕೆ ತಂದ ರಿಪೋರ್ಟ್‌ನಲ್ಲಿ ಇದ್ದದ್ದು ಒಂದೇ ಸಾಲು: ಲಿವರ್‌ನ ಬಲಭಾಗದಲ್ಲಿ 5.8 ಸೆಂ.ಮೀ. ಎಸ್‌ಒಎಲ್ (ಸ್ಪೇಸ್ ಆಕ್ಯುಪೈಯಿಂಗ್ ಲೀಷನ್, ಅಂದರೆ ಜಾಗ ಹಿಡಿದು ಕೂತ ಏನೋ ಒಂದು). ಜಗಳೂರು ಕಡೆಯ ಹಳ್ಳಿಯವಳು, 29 ವರ್ಷ. ಬೇರೊಂದು ಕಡೆ ಮರುದಿನಕ್ಕೇ ಬಯಾಪ್ಸಿ, ಅಂದರೆ ಸೂಜಿ ಹಾಕಿ ತುಣುಕು ತೆಗೆಯುವ ಪರೀಕ್ಷೆ ಗೊತ್ತುಮಾಡಿದ್ದರು. ಜೊತೆಗಿದ್ದ ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು, "ಕ್ಯಾನ್ಸರ್ರೇನ್ರೀ ಮೇಡಂ?"

ದಾವಣಗೆರೆಯಲ್ಲಿ 19 ವರ್ಷದಿಂದ ಸ್ಕ್ಯಾನಿಂಗ್ ಮಾಡುತ್ತಿದ್ದೇನೆ. ಲಿವರ್ ಕಾಯಿಲೆಯೇ ಇಲ್ಲದವರಲ್ಲಿ ಅಕಸ್ಮಾತ್ತಾಗಿ ಕಾಣಿಸುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ "ಅಲ್ಲ" ಎಂದು ಹೇಳುವುದಕ್ಕೂ ಒಂದು ಕ್ರಮ ಬೇಕು. ನನ್ನ ಹತ್ತಿರ ಕಲಿಯಲು ಬರುವ ಕಿರಿಯ ಡಾಕ್ಟರರಿಗೆ ಹೇಳಿಕೊಡುವ ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಕ್ಯಾನ್ ಮಾಡುವ ಪ್ರೋಬ್ ಕೆಳಗಿಟ್ಟು ಮಾತಾಡಿಸಿ. ಹೆಪಟೈಟಿಸ್ ಬಿ ಅಥವಾ ಸಿ ಇದೆಯೇ, ಕುಡಿತದಿಂದ ಲಿವರ್ ಗಟ್ಟಿಯಾಗಿದೆಯೇ, ಹಿಂದೆ ಎಲ್ಲಾದರೂ ಕ್ಯಾನ್ಸರ್ ಆಗಿತ್ತೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ದಾರಿ ಬೇರೆ. ಅಂಥವರ ಗಡ್ಡೆಯನ್ನು ನಿರಪಾಯಕಾರಿ ಎಂದು ಸುಲಭಕ್ಕೆ ಒಪ್ಪಬೇಡಿ. ಲಿವರ್ ಕ್ಯಾನ್ಸರಿನ ಸುಳಿವಿಗೆಂದು ಮಾಡುವ ಎಎಫ್‌ಪಿ ರಕ್ತಪರೀಕ್ಷೆ ನಾರ್ಮಲ್ ಬಂತೆಂದು ನೆಮ್ಮದಿಯಾಗಲೂ ಬೇಡಿ. ಲಿವರ್ ಕ್ಯಾನ್ಸರ್ ಇದ್ದವರಲ್ಲೂ ಅದು ನಾರ್ಮಲ್ ಇರಬಹುದು.

ಮಾತ್ರೆಯ ವಿಷಯ ಕೇಳುವಾಗ ಮನೆಯವರನ್ನು ಹೊರಗೆ ಕೂರಿಸಿ. "ಮಕ್ಕಳಾಗದಿರೋಕೆ ಮಾತ್ರೆ ತಗೋತೀಯಾ?" ಎಂದರೆ ಬಹಳ ಹೆಣ್ಣುಮಕ್ಕಳು ಇಲ್ಲ ಅನ್ನುತ್ತಾರೆ, ಸುಳ್ಳಲ್ಲ. "ಮುಟ್ಟು ಸರಿಯಾಗಲಿ ಅಂತ, ಪಿಸಿಒಡಿಗೆ ಅಂತ ಏನಾದ್ರೂ ನುಂಗ್ತಿದ್ದೀಯಾ?" ಎಂದು ಕೇಳಿ. ಈಕೆ ಮೂರು ವರ್ಷದಿಂದ ನುಂಗುತ್ತಿದ್ದಳು. ಅದು ಅದೇ ಹಾರ್ಮೋನಿನ ಮಾತ್ರೆ, ಅಡೆನೋಮಾ ಎಂಬ ನಿರಪಾಯಕಾರಿ ಗಡ್ಡೆಯ ಜೊತೆ ನಂಟಿರುವಂಥದ್ದು. ಜಿಮ್‌ಗೆ ಹೋಗುವ ಹುಡುಗನಾದರೆ ಅಪ್ಪನನ್ನು ಆಚೆ ಕಳಿಸಿ ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ ಕೇಳಿ. ಗಂಡಸರಲ್ಲಿ ಅಡೆನೋಮಾ ಕ್ಯಾನ್ಸರ್‌ಗೆ ತಿರುಗುವ ಭಯ ಹೆಚ್ಚು. ಅದಕ್ಕೇ ಗಾತ್ರ ಎಷ್ಟಿದ್ದರೂ ತೆಗೆಸಿಬಿಡಿ ಎನ್ನುತ್ತಾರೆ.

ಚಳ್ಳಕೆರೆ, ಹಿರಿಯೂರು ಕಡೆಯಿಂದ ಬಂದವರಿಗೆ ನಾನು ಇನ್ನೊಂದು ಪ್ರಶ್ನೆ ಬಿಡುವುದಿಲ್ಲ: ಮನೆಯಲ್ಲಿ ಕುರಿ ಇವೆಯಾ, ನಾಯಿ ಇದೆಯಾ? ಕುರಿ ಕೊಯ್ದಾಗ ಒಳಗೆ ನೀರುಗುಳ್ಳೆ ಕಂಡದ್ದು ಕುರಿಗಾಹಿಗಳಿಗೆ ಗೊತ್ತಿರುತ್ತದೆ. ಆ ಭಾಗವನ್ನು ನಾಯಿಗೆ ಎಸೆದರೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ, ಅದರ ಮೊಟ್ಟೆ ಮನುಷ್ಯನ ಬಾಯಿಗೆ ಸೇರಿದರೆ ಲಿವರ್‌ನಲ್ಲಿ ಹೈಡಾಟಿಡ್ ಸಿಸ್ಟ್. ಇದು ಗಡ್ಡೆಯಲ್ಲ, ಗಡ್ಡೆಯ ವೇಷ. ತಿಳಿಯದೆ ಸೂಜಿ ಹಾಕಿದರೆ ಒಳಗಿನ ನೀರು ಸೋರಿ, ತೀವ್ರ ಅಲರ್ಜಿಯಿಂದ ಜೀವಕ್ಕೇ ಕುತ್ತು ಬರಬಹುದು.

ಇನ್ನು ಅಲ್ಟ್ರಾಸೌಂಡ್. ಖಾಲಿ ಹೊಟ್ಟೆ, ಆರರಿಂದ ಎಂಟು ಗಂಟೆ. ಬಸ್‌ಸ್ಟ್ಯಾಂಡ್‌ನಲ್ಲಿ ಇಳಿದು ಮಂಡಕ್ಕಿ-ಮೆಣಸಿನಕಾಯಿ ತಿಂದು ಬಂದವರ ಹೊಟ್ಟೆಯ ಗ್ಯಾಸ್ ಅರ್ಧ ಲಿವರ್ ಮುಚ್ಚಿರುತ್ತದೆ. ಬೇಸರಿಸದೆ ನಾಳೆ ಬರಲು ಹೇಳಿ. ಬೆಳ್ಳಗೆ, ಅಂಚು ಸ್ಪಷ್ಟವಾಗಿ ಕಂಡರೆ ಹಿಮ್ಯಾಂಜಿಯೋಮಾ, ಅಂದರೆ ರಕ್ತನಾಳಗಳ ಗಂಟು ಇರಬಹುದು. ಲಿವರ್‌ನ ನಿರಪಾಯಕಾರಿ ಗಡ್ಡೆಗಳಲ್ಲಿ ಅದೇ ಹೆಚ್ಚು. ಆದರೆ ಕೊಬ್ಬು ತುಂಬಿದ ಲಿವರ್‌ನಲ್ಲಿ ಅದೇ ಗಂಟು ಕಪ್ಪಗೂ ಕಾಣುತ್ತದೆ. ಬರೀ ಬಣ್ಣ ನೋಡಿ ಹೆಸರಿಡಬೇಡಿ.

ಹೆಸರು ಸಿಗುವುದು ರಕ್ತದ ಓಟದಲ್ಲಿ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಕೊಂಡು ಮೂರು ಹಂತದ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸಿ. ರಕ್ತದ ಓಟ ಬೆಳಗಿ ತೋರಿಸುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಸುಮಾರು 35 ಸೆಕೆಂಡ್ ಆದಾಗ ಒಂದು ಚಿತ್ರ, 70 ಸೆಕೆಂಡ್ ಆದಾಗ ಒಂದು, ಮೂರು ನಿಮಿಷ ಕಳೆದ ಮೇಲೊಂದು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಊಹೆ. ಹಿಮ್ಯಾಂಜಿಯೋಮಾ ಅಂಚಿನಲ್ಲಿ ತುಣುಕು ತುಣುಕಾಗಿ ಬೆಳಗಿ, ನಿಧಾನಕ್ಕೆ ನಡುವಿನತ್ತ ತುಂಬುತ್ತದೆ. ಆ ಬೆಳಕನ್ನು ಪಕ್ಕದ ಮಹಾಪಧಮನಿಯ ಬೆಳಕಿನೊಡನೆ ಹೋಲಿಸಿ. ಎಫ್‌ಎನ್‌ಎಚ್ (ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ, ಇದೂ ನಿರಪಾಯಕಾರಿ ಗಂಟೇ) ಮೊದಲ ಹಂತದಲ್ಲೇ ಇಡಿಯಾಗಿ ಹೊಳೆದು, ಆಮೇಲೆ ಸುತ್ತಲಿನ ಲಿವರ್‌ನಲ್ಲಿ ಕರಗಿಹೋದಂತಾಗುತ್ತದೆ. ನಡುವಿನ ನಕ್ಷತ್ರದಂಥ ಕಲೆ ಮಾತ್ರ ತಡವಾಗಿ ಬೆಳಗುತ್ತದೆ. ಅಡೆನೋಮಾದಲ್ಲಿ ಕೊಬ್ಬು ಅಥವಾ ಹಳೆಯ ರಕ್ತ ಕಾಣಬಹುದು. ಈ ಎರಡರ ನಡುವೆ ಅನುಮಾನ ಉಳಿದರೆ ಲಿವರ್ ಕೋಶಗಳು ಹೀರಿಕೊಳ್ಳುವ ಗ್ಯಾಡಾಕ್ಸಿಟೇಟ್ ಹಾಕಿ ಎಂ.ಆರ್.ಐ. ಮಾಡಿ, 20 ನಿಮಿಷದ ಚಿತ್ರ ನೋಡಿ: ಎಫ್‌ಎನ್‌ಎಚ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಡೆನೋಮಾ ಸಾಮಾನ್ಯವಾಗಿ ಕಪ್ಪಾಗುತ್ತದೆ.

ಅಪರೂಪದವು ಇದರ ಆಚೆ ಬರುತ್ತವೆ. ನಡುವಯಸ್ಸಿನ ಹೆಂಗಸಿನಲ್ಲಿ ಒಳಗೆ ಗೋಡೆಗಳಿರುವ ನೀರುಗಂಟು ಕಂಡರೆ ಮ್ಯೂಸಿನಸ್ ಸಿಸ್ಟಿಕ್ ಗಡ್ಡೆ ನೆನಪಿಗೆ ಬರಲಿ. ಸಾದಾ ಸಿಸ್ಟ್ ಎಂದುಕೊಂಡು ನೀರು ತೆಗೆದು ಕಳಿಸಿದರೆ ಮತ್ತೆ ತುಂಬುತ್ತದೆ, ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆಯೂ ಉಂಟು; ಅದನ್ನು ಪೂರ್ತಿ ತೆಗೆಸಬೇಕು. ಕೊಬ್ಬು ಕಂಡರೆ ಆಂಜಿಯೋಮಯೋಲಿಪೋಮಾ, ಅಂದರೆ ರಕ್ತನಾಳ, ಸ್ನಾಯು, ಕೊಬ್ಬು ಸೇರಿದ ಗಡ್ಡೆ ಇರಬಹುದು, ಆದರೆ ಲಿವರ್ ಕ್ಯಾನ್ಸರಿನಲ್ಲೂ ಕೊಬ್ಬು ಇರಬಹುದು. ಜ್ವರ ಬಂದು ತೂಕ ಇಳಿದಿದ್ದರೆ ಕೀವುಗಟ್ಟಿದ್ದೋ ಉರಿಯೂತದ ಹುಸಿಗಡ್ಡೆಯೋ ಎಂದು ಯೋಚಿಸಿ.

ಇಷ್ಟಾದ ಮೇಲೂ ಹೆಸರು ಸಿಗದಿದ್ದರೆ ಬಯಾಪ್ಸಿ ಬೇಕೇ ಬೇಕು, ಅದಕ್ಕೆ ಹಿಂಜರಿಯಬೇಡಿ. ಆಂಜಿಯೋಮಯೋಲಿಪೋಮಾಗೆ ಎಚ್‌ಎಂಬಿ-45, ಅಡೆನೋಮಾಗೆ ಬೀಟಾ-ಕೆಟೆನಿನ್, ಹೀಗೆ ತುಣುಕಿನಲ್ಲಿ ಗುರುತಿನ ಪ್ರೋಟೀನ್ ಹುಡುಕುವ ಪರೀಕ್ಷೆ ಕೇಳಿ ಬರೆಯಿರಿ. ಸೂಜಿ ನೇರ ಗಡ್ಡೆಗಲ್ಲ, ಸ್ವಲ್ಪ ಒಳ್ಳೆಯ ಲಿವರ್ ದಾಟಿ ಹೋಗಲಿ, ರಕ್ತಸ್ರಾವ ಕಡಿಮೆಯಾಗುತ್ತದೆ.

ರಿಪೋರ್ಟ್‌ನಲ್ಲಿ ಬರೀ "ಎಸ್‌ಒಎಲ್" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಅದೊಂದು ಪದ ಹಿಡಿದುಕೊಂಡು ಒಂದು ಮನೆ ರಾತ್ರಿಯೆಲ್ಲ ನಿದ್ದೆಗೆಡುತ್ತದೆ. ಏನಿರಬಹುದು, ಯಾಕೆ ಹಾಗನ್ನಿಸುತ್ತದೆ, ಮುಂದೆ ಯಾವ ಪರೀಕ್ಷೆ, ಯಾವಾಗ, ಅಷ್ಟನ್ನೂ ಬರೆಯಿರಿ.

ಜಗಳೂರಿನ ಆ ಹುಡುಗಿಯದು ಅಡೆನೋಮಾ. ಐದು ಸೆಂ.ಮೀ. ದಾಟಿತ್ತು, ಒಳಗೇ ಒಡೆದು ರಕ್ತ ಸುರಿಯುವ ಅಪಾಯ ಇದ್ದೇ ಇತ್ತು. ಮಾತ್ರೆ ನಿಲ್ಲಿಸಿ, ತೂಕ ಇಳಿಸಲು ಹೇಳಿ, ಹೊಟ್ಟೆನೋವು ಜೋರಾದರೆ ರಾತ್ರಿಯಾದರೂ ಬರಲು ಅತ್ತೆಗೆ ತಿಳಿಸಿ ಕಳಿಸಿದೆವು. ಆರು ತಿಂಗಳಿಗೆ ಹಳೆಯ ಫಿಲ್ಮುಗಳ ಕವರ್ ಸಮೇತ ಬಂದಳು. ಅದೇ ಯಂತ್ರ, ಅದೇ ಹಂತ, ಅದೇ ಅಡ್ಡಳತೆ: 4.3 ಸೆಂ.ಮೀ. ಮುಂದಿನ ತಾರೀಖನ್ನು ಅತ್ತೆಯೇ ಕವರಿನ ಮೇಲೆ ಬರೆಸಿಕೊಂಡರು.