ನಿಮ್ಮ ಮುಖ ಕಾಣಬೇಕಾದರೆ ನಾನು ನಿಮ್ಮ ತಲೆಯ ಮೇಲೆ ನೋಡಬೇಕು

ರಾಯಚೂರಿನ ಹತ್ತಿ ಮಾರುಕಟ್ಟೆಯ ಒಂದು ಅಡತಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೂವತ್ತು ದಾಟಿದ ಮೇಲೆ ಖಾತೆ ಪುಸ್ತಕದ ಅಂಕಿಗಳು ನಡುವೆ ಮಾಯವಾಗತೊಡಗಿದವು. 3850 ಇದ್ದರೆ 8 ಕಾಣದು, ಇಲ್ಲವೇ 5 ಕಾಣದು. ಮೂರು ಸಲ ಕನ್ನಡಕ ಬದಲಿಸಿದೆ, ಉಪಯೋಗವಾಗಲಿಲ್ಲ. ಬರಬರುತ್ತಾ ಎದುರಿಗೆ ನಿಂತವರ ಮುಖವೂ ತಿಳಿಯದಾಯಿತು. ಆದರೆ ಪಕ್ಕದಲ್ಲಿ ನೆಲಕ್ಕೆ ಬಿದ್ದ ನಾಣ್ಯ ಮಾತ್ರ ಕಾಣುತ್ತಿತ್ತು. "ರೂಪಾಯಿ ಕಾಣ್ತದ, ನಾನು ಕಾಣಲ್ಲಾ?" ಎಂದು ಚಿಕ್ಕಪ್ಪ ಒಂದು ವರ್ಷ ಮಾತು ಬಿಟ್ಟರು. ಆ ನೋವು ಕಣ್ಣಿನದಕ್ಕಿಂತ ಜಾಸ್ತಿ.

ಕಾಯಿಲೆಯ ಹೆಸರು ಸ್ಟಾರ್ಗಾರ್ಟ್. ಕಣ್ಣಿನ ಹಿಂಪರದೆಯ ನಟ್ಟನಡುವೆ ಮ್ಯಾಕ್ಯುಲಾ ಎಂಬ ಸಣ್ಣ ಜಾಗವಿದೆ. ಅಕ್ಷರ, ಮುಖ ಎಲ್ಲ ಅಲ್ಲಿಂದಲೇ ಸ್ಪಷ್ಟ. ಅದು ಸವೆಯುತ್ತದೆ, ಸುತ್ತಲಿನ ಅಂಚು ಉಳಿಯುತ್ತದೆ. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಹೀಗಾಗುತ್ತದೆ. ನಮ್ಮ ಕಡೆ ಸೋದರಿಕೆ ಮದುವೆ ಹೆಚ್ಚು, ಅಲ್ವಾ? ನನ್ನ ಅಪ್ಪ ಅಮ್ಮನದೂ ಅದೇ.

ಒಬ್ಬ ಡಾಕ್ಟರು "ಇದಕ್ಕೆ ಔಷಧ ಇಲ್ಲ" ಎಂದು ಫೈಲು ಮುಚ್ಚಿದರು. ಉಳಿದ ದೃಷ್ಟಿ ಬಳಸೋದನ್ನ ಕಲಿಸುವ ಲೋ ವಿಷನ್ ವಿಭಾಗಕ್ಕೆ ಹೋಗಿ ಅಂತ ಒಂದು ಮಾತು ಸೇರಿಸಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿದ್ದವು.

ಕೊನೆಗೆ ರೈಲು ಹತ್ತಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಾಸ್ಪತ್ರೆಗೆ ಹೋದೆ. ರಾಯಚೂರಿನವನಿಗೆ ತೆಲುಗು ಕಷ್ಟವಲ್ಲ. ಅಲ್ಲಿ ಮೊದಲು ಕೇಳಿದ್ದು, "ಯಾವ ಕೆಲಸ ಮಾಡೋಕೆ ಆಗ್ತಿಲ್ಲ?" ಅಂತ. ಚೀಲದಿಂದ ಖಾತೆ ಪುಸ್ತಕ ತೆಗೆದು ಮುಂದಿಟ್ಟೆ. ನೀವೂ ಹೋಗುವಾಗ ನಿಮ್ಮ ಕೆಲಸದ ಸಾಮಾನು ಒಯ್ಯಿರಿ.

ನನ್ನ ನೋಟ 6/60. ಬೇರೆಯವರು 60 ಮೀಟರಿನಿಂದ ಓದುವುದನ್ನು ನಾನು 6 ಮೀಟರಿನಿಂದ ಓದಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಇದು ಕುರುಡಲ್ಲ, ಕಡಿಮೆ ದೃಷ್ಟಿ.

ಆಮೇಲೆ, ಉಳಿದ ಅಂಚಿನಿಂದ ನೋಡುವುದನ್ನು ಕಲಿಸುವ ಗಡಿಯಾರದ ಪಾಠ. ದೊಡ್ಡ ಗಡಿಯಾರದ ಚಿತ್ರದ ನಡುವೆ ಒಂದು ಅಕ್ಷರ. ಒಂದೊಂದೇ ಅಂಕಿಯನ್ನು ನೋಡುತ್ತಾ ಹೋಗಬೇಕು. ಯಾವ ಅಂಕಿ ನೋಡಿದಾಗ ನಡುವಿನ ಅಕ್ಷರ ಚೆನ್ನಾಗಿ ಕಾಣುತ್ತದೋ ಅದೇ ನಿಮ್ಮ ದಿಕ್ಕು. ನನ್ನದು 12. ಅಂದರೆ ಬೇಕಾದ ವಸ್ತುವಿನ ಸ್ವಲ್ಪ ಮೇಲೆ ನೋಡಬೇಕು. ಮನೆಯಲ್ಲಿ ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿದೆ. ಮೊದಲು ತಲೆ ನೋಯುತ್ತಿತ್ತು, ಕಣ್ಣು ತಾನಾಗಿಯೇ ನಡುವಿಗೆ ಓಡುತ್ತಿತ್ತು. ಎರಡು ತಿಂಗಳಿಗೆ ರೂಢಿಯಾಯಿತು.

ಖಾತೆಗೆ ಲೈಟ್ ಇರುವ, ಐದು ಪಟ್ಟು ದೊಡ್ಡದು ಮಾಡುವ ಸ್ಟ್ಯಾಂಡ್ ಭೂತಗನ್ನಡಿ ಕೊಟ್ಟರು. ಹಾಳೆಯ ಮೇಲಿಟ್ಟು ಕಣ್ಣನ್ನು ಹತ್ತಿರ ತಂದಷ್ಟೂ ಹೆಚ್ಚು ಅಂಕಿ ಕಾಣುತ್ತವೆ. ಹತ್ತಿರ ಹಿಡಿದು ಓದಿದರೆ ಕಣ್ಣು ಹಾಳಾಗುತ್ತದೆ ಅನ್ನುವುದು ಸುಮ್ನೆ ಭಯ. ಭೂತಗನ್ನಡಿಯಷ್ಟೇ ಉಪಕಾರ ಮಾಡಿದ್ದು ಒಂದು ಕಪ್ಪು ರಟ್ಟು. ಒಂದು ಸಾಲಿನಗಲ ಸೀಳು ಕತ್ತರಿಸಿ ಹಾಳೆಯ ಮೇಲಿಟ್ಟರೆ ಸಾಲು ತಪ್ಪುವುದಿಲ್ಲ, ಹಾಳೆಯ ಹೊಳಪೂ ಕಣ್ಣಿಗೆ ಹೊಡೆಯುವುದಿಲ್ಲ. ನೀಲಿ ಪೆನ್ನು ಬಿಟ್ಟು ದಪ್ಪ ಕಪ್ಪು ಸ್ಕೆಚ್ ಪೆನ್ನು ಹಿಡಿದೆ. ನಮ್ಮೂರ ಬಿಸಿಲಿಗೆ ಅಂಚಿನ ಟೋಪಿ, ಹಳದಿ ಗಾಜಿನ ಕನ್ನಡಕ. ಮನೆಯಲ್ಲಿ ಮಜ್ಜಿಗೆಗೆ ಕಪ್ಪು ಲೋಟ, ಚಹಾಕ್ಕೆ ಬಿಳಿ ಲೋಟ.

ನೋಟುಗಳನ್ನು ಬೆರಳಿನಿಂದ ಗುರುತಿಸುತ್ತೇನೆ. 100ರ ಎರಡೂ ಅಂಚಿನಲ್ಲಿ ನಾಲ್ಕು ಉಬ್ಬು ಗೆರೆ, 500ಕ್ಕೆ ಐದು, 200ಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸೊನ್ನೆ. ಸವೆದ ನೋಟಾದರೆ ರಿಸರ್ವ್ ಬ್ಯಾಂಕಿನ ಮನಿ ಆ್ಯಪ್ ಬಾಯಿಬಿಟ್ಟು ಹೇಳುತ್ತದೆ. ಬಸ್ಸಿನ ಬೋರ್ಡಿಗೆ ಫೋನಿನ ಕ್ಯಾಮೆರಾ ಜೂಮ್ ಸಾಕು.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನೂ ಮಾಡಿಸಿಕೊಳ್ಳಿ, ನಾಚಿಕೆ ಬೇಡ. ಅಂಗವೈಕಲ್ಯ 40% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿಯಂಥ ಸೌಲಭ್ಯಗಳಿವೆ.

ಚಿಕ್ಕಪ್ಪನ ವಿಷಯ ಉಳಿಯಿತು. ಅಭ್ಯಾಸದ ನಂತರ ಅವರ ಮುಖ ಕಾಣಲು ಅವರ ರುಮಾಲಿನ ಮೇಲೆ ನೋಡುತ್ತಿದ್ದೆ. ಅದಕ್ಕೂ ಸಿಟ್ಟು. ಒಂದು ದಿನ ಚಿಕ್ಕಮ್ಮನಿಂದ ಹಣೆಗೆ ಹಚ್ಚುವ ಎರಡು ದೊಡ್ಡ ಟಿಕ್ಲಿ ಇಸಿದುಕೊಂಡು ಅವರ ಕನ್ನಡಕದ ಎರಡೂ ಗಾಜಿನ ನಡುವೆ ಅಂಟಿಸಿ, "ಈಗ ನನ್ನ ನೋಡ್ರಿ" ಅಂದೆ. ಅವರ ಕತ್ತು ತಾನಾಗಿಯೇ ಓರೆಯಾಯಿತು. ಬಹಳ ಹೊತ್ತು ಕನ್ನಡಕ ತೆಗೆಯಲಿಲ್ಲ. ಈಗ ಮಾರುಕಟ್ಟೆಗೆ ಬಂದರೆ ದೂರದಿಂದಲೇ ತಮ್ಮ ಹೆಸರು ಹೇಳಿ ಕೂಗುತ್ತಾರೆ.