ಒಂಬತ್ತು ದಿನ, ಒಂದು ಸಲವೂ ಪ್ಲಗ್ ಹಾಕಲಿಲ್ಲ: ಗಾಡಿಯಲ್ಲಿ ಫ್ರಿಜ್ ಓಡಿಸಿದ ನನ್ನ ಅನುಭವ

ಮೇ ತಿಂಗಳು. ಕೂಡಲಸಂಗಮ, ವಿಜಯಪುರ, ಪಂಢರಪುರ, ಸಾಂಗ್ಲಿ ಮೇಲಿಂದ ಬೆಳಗಾವಿ, ಗೋಕಾಕ. ಇಷ್ಟು ಸುತ್ತಿ ಬಾಗಲಕೋಟೆಯ ನವನಗರದ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಮೊದಲು ಮಾಡಿದ ಕೆಲಸ ಅಂದರೆ ಫ್ರಿಜ್ಜಿನ ಮುಚ್ಚಳ ತೆಗೆದು ಒಳಗಿನ ಥರ್ಮಾಮೀಟರ್ ನೋಡಿದ್ದು. ನಾಲ್ಕೂವರೆ ಡಿಗ್ರಿ. ಅವ್ವನ ಇನ್ಸುಲಿನ್ ಪೆನ್ನುಗಳು ಹೇಗೆ ಹೋಗಿದ್ದವೋ ಹಾಗೇ ಇದ್ದವು. ಬೆಳಗಾವಿಯಲ್ಲಿ ತಂದ ಹಾಲು ಒಡೆದಿರಲಿಲ್ಲ. ಒಂಬತ್ತು ದಿನ, 650-700 ಕಿಲೋಮೀಟರ್, ಎಲ್ಲೂ ಕರೆಂಟಿಗೆ ಪ್ಲಗ್ ಹಾಕಿಲ್ಲ. ಬೆಳಗಾವಿಯಲ್ಲಿ ತಂಗಿಯ ಮನೆ ಮುಂದೆ ಎರಡು ರಾತ್ರಿ ನಿಂತಿದ್ದೆವು. ಅವರು ಎಕ್ಸ್‌ಟೆನ್ಶನ್ ಬೋರ್ಡ್ ತಂದುಕೊಟ್ಟರೂ ಬೇಡ ಅಂದೆ.

ಬೇಡ ಅನ್ನೋದಕ್ಕೆ ಕಾರಣ ಇತ್ತು. ಬ್ಯಾಟರಿ ಮೇಲೆ ನಡೆಯುವ ಫ್ರಿಜ್ ಬಗ್ಗೆ ಮೂರು ವರ್ಷದಿಂದ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. "ಈ ಬಿಸಿಲಾಗ ಹನ್ನೆರಡು ವೋಲ್ಟಿನ ಡಬ್ಬಿ ನಡಿಯಂಗಿಲ್ಲೋ, ಜನರೇಟರ್ ಇಟ್ಕೊ" ಅಂತ ಭಾವ ಹೇಳಿದ. ಬೆಳಗಾವಿಯಲ್ಲಿ ಗಾಡಿ ಕಟ್ಟಿಕೊಂಡಿರುವ ಇಬ್ಬರು ಗೆಳೆಯರು ಐಸ್ ಡಬ್ಬಿಯೇ ಸಾಕು ಅಂದರು. ಅವರ ಊರಿನ ಹವೆಗೆ ಸಾಕಾಗಬಹುದು. ಏಪ್ರಿಲ್‌ನಲ್ಲಿ ನಮ್ಮ ಕಡೆ 40 ದಾಟುತ್ತದೆ. ನಿಂತ ಗಾಡಿಯ ಒಳಗೆ ಇನ್ನೂ ಜಾಸ್ತಿ. ಅಂಥ ಬಿಸಿಲಲ್ಲಿ ಐಸು ಸಂಜೆಯೊಳಗೆ ನೀರು. ಇನ್ಸುಲಿನ್ ಇಲ್ಲದಿದ್ದರೆ ನಾನೂ ಐಸ್ ಡಬ್ಬಿಯಲ್ಲೇ ಮುಗಿಸುತ್ತಿದ್ದೆನೋ ಏನೋ. ಬಳಸದ ಪೆನ್ನು 2ರಿಂದ 8 ಡಿಗ್ರಿ ಒಳಗೇ ಇರಬೇಕು. ಹೆಪ್ಪುಗಟ್ಟಿದರೆ ಎಸೆಯಬೇಕು. ಅವ್ವನನ್ನು ಮನೆಯಲ್ಲಿ ಬಿಟ್ಟು ಊರು ಸುತ್ತುವ ಆಸೆ ನನಗಿಲ್ಲ.

ಗಾಡಿ ಹಳೆಯ ಟೆಂಪೋ ಟ್ರಾವೆಲರ್. ಒಳಗೆ ಎರಡು ಮಂಚ, ಒಂದು ಒಲೆ, 40 ಲೀಟರ್ ನೀರು. ಅದನ್ನು ಕಟ್ಟಿದ ಕಥೆ ಬೇರೆ. ಇಲ್ಲಿ ಫ್ರಿಜ್ ವಿಷಯ ಮಾತ್ರ.

ಮೊದಲು ಮನೆಯ ಹಳೆ ಸಿಂಗಲ್ ಡೋರ್ ಫ್ರಿಜ್ಜನ್ನೇ ಒಳಗೆ ಬಿಗಿದೆ. 6,500 ರೂಪಾಯಿಗೆ ಪ್ಯೂರ್ ಸೈನ್ ಇನ್ವರ್ಟರ್ ತಂದು ಗಾಡಿಯ ಬ್ಯಾಟರಿಗೇ ಜೋಡಿಸಿದೆ. ಓಡುವಾಗ ಚೆನ್ನಾಗಿ ನಡೆಯಿತು. ಬನಶಂಕರಿ ಜಾತ್ರೆಗೆ ಹೋಗಿ ರಾತ್ರಿ ಅಲ್ಲೇ ಮಲಗಿದೆವು. ಬೆಳಗ್ಗೆ ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಜಾತ್ರೆಗೆ ಬಂದಿದ್ದ ಎಂಟು ಹತ್ತು ಹುಡುಗರು ತಳ್ಳಿ ಚಾಲೂ ಮಾಡಿಕೊಟ್ಟರು. ಕಂಪ್ರೆಸರ್ ಓಡುವಾಗ 100 ವ್ಯಾಟ್ ಆಸುಪಾಸು ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಅದು ಗೊತ್ತಿದ್ದದ್ದೇ. ನಾನು ಲೆಕ್ಕ ಹಾಕದೇ ಬಿಟ್ಟದ್ದು ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತಿನ್ನುವ ಒಂದು ಆ್ಯಂಪ್. ಇಡೀ ರಾತ್ರಿಗೆ ಅದೂ ಸಣ್ಣದಲ್ಲ.

ಎರಡನೆಯ ತಪ್ಪಿಗೆ ಆಸೆ ಕಾರಣ. ಬೆಳಗಾವಿಯಲ್ಲಿ ಲಾಡ್ಜುಗಳ ಹಳೇ ಸಾಮಾನು ಮಾರುವ ಕಡೆ ಒಂದು ಮಿನಿಬಾರ್ ಫ್ರಿಜ್ ಸಿಕ್ಕಿತು. 4,500 ರೂಪಾಯಿ. ಕಂಪ್ರೆಸರ್ ಇಲ್ಲ, ಸದ್ದಿಲ್ಲ, ಅಮೋನಿಯಾ ಮೇಲೆ ನಡೆಯುವಂಥದ್ದು. ಶುರುವಾಗುವಾಗ ಎಳೆತ ಇಲ್ಲ, ಬರೀ 70 ವ್ಯಾಟ್. ಪರದೇಶದ ದೊಡ್ಡ ಗಾಡಿಗಳಲ್ಲಿ ಗ್ಯಾಸಿನಿಂದಲೂ ಕರೆಂಟಿನಿಂದಲೂ ನಡೆಯುವ ಫ್ರಿಜ್ಜುಗಳು ಇದೇ ಜಾತಿಯವು. ಹಾಗಾಗಿ ನಮ್ಮಲ್ಲೂ ನಡೆಯುತ್ತದೆ ಅಂದುಕೊಂಡೆ. ಆದರೆ ಈ 70 ವ್ಯಾಟ್ ನಿಲ್ಲೋದೇ ಇಲ್ಲ. ನಮ್ಮ ಬಿಸಿಲಿಗೆ ಇದು ದಿನವಿಡೀ ಎಳೆಯುತ್ತದೆ. ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿ ಕಡಿಮೆ ಮಾಡಬಲ್ಲದು, ಅದಕ್ಕಿಂತ ಜಾಸ್ತಿ ಅದರಿಂದ ಆಗದು. ಗಾಡಿಯೊಳಗೆ 42 ಇದ್ದರೆ ಫ್ರಿಜ್ಜಿನಲ್ಲಿ 22. ಗಾಡಿ ಓರೆಯಾಗಿ ನಿಂತರೆ ಅದೂ ಇಲ್ಲ. ಎರಡೇ ತಿಂಗಳಲ್ಲಿ 2,000ಕ್ಕೆ ಮಾರಿದೆ.

ಆಮೇಲೆ 27,000 ಕೊಟ್ಟು 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ತಂದೆ. ಜೊತೆಗೆ ಮನೆಯ ಇನ್ವರ್ಟರಿಗೆ ಹಾಕುವಂಥ 150 ಎಎಚ್ ಟ್ಯೂಬುಲರ್ ಬ್ಯಾಟರಿ, 14,000. ಎಎಚ್ ಅಂದರೆ ಆ್ಯಂಪ್-ಗಂಟೆ, ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ. ಗಾಡಿಯ ಬ್ಯಾಟರಿಗೂ ಇದಕ್ಕೂ ನಡುವೆ ಒಂದು ವೋಲ್ಟೇಜ್ ರಿಲೇ, ಅಂದರೆ ಇಂಜಿನ್ ಓಡುವಾಗ ಮಾತ್ರ ಎರಡನ್ನೂ ಜೋಡಿಸುವ ಸ್ವಿಚ್ಚು. ಇಲ್ಲಿಂದಲೇ ನಿಜವಾದ ತಲೆನೋವು ಶುರುವಾಯಿತು.

ಫ್ರಿಜ್ ಮನೆಯಲ್ಲಿ ಅಡಾಪ್ಟರ್ ಮೇಲೆ ಗಡಗಡ ಓಡುತ್ತದೆ. ಗಾಡಿಯಲ್ಲಿ ಹಾಕಿದರೆ ಎರಡು ನಿಮಿಷ ಓಡಿ ಎರರ್ ತೋರಿಸಿ ನಿಲ್ಲುತ್ತದೆ. ಮತ್ತೆ ಶುರು, ಮತ್ತೆ ಬಂದ್. ರಿಪೇರಿಗೆ ಕೊಟ್ಟೆ. ಬೋರ್ಡ್ ಹೋಗಿದೆ ಅಂತ 1,800 ತಗೊಂಡು ವಾಪಸ್ ಕೊಟ್ಟರು. ಗಾಡಿಗೆ ಹಾಕಿದರೆ ಮತ್ತೆ ಅದೇ ರಾಗ. ಆಟೋ ಎಲೆಕ್ಟ್ರಿಷಿಯನ್ ಕೂಡ ಫ್ರಿಜ್ಜೇ ಕೆಟ್ಟದ್ದು ಅಂದರು. ಒಂದು ಭಾನುವಾರ ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿ ಹತ್ತಿರ 12.4. ಫ್ರಿಜ್ಜಿನ ಸಾಕೆಟ್ ಹತ್ತಿರ, ಕಂಪ್ರೆಸರ್ ಎದ್ದೇಳುವ ಹೊತ್ತಿಗೆ, 11ರ ಆಸುಪಾಸು. ಫ್ರಿಜ್ಜಿನ ಬ್ಯಾಟರಿ ರಕ್ಷಣೆ 'ಹೈ' ಮೇಲೆ ಇತ್ತು. ಅದು 11.1ಕ್ಕೆ ಕಟ್ ಮಾಡುತ್ತದೆ. ಫ್ರಿಜ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು! ನಾನು ಎಳೆದಿದ್ದ ವೈರು 1.5 ಸ್ಕ್ವೇರ್ ಎಂಎಂ, ತೀರಾ ಸಣ್ಣದು, ವೋಲ್ಟು ದಾರಿಯಲ್ಲೇ ಸೋರುತ್ತಿತ್ತು. ಹೋಗುವ ದಾರಿ 7 ಮೀಟರ್, ಬರುವ ದಾರಿ 7 ಮೀಟರ್. ಕೊನೆಯಲ್ಲಿ ಸಿಗರೇಟ್ ಸಾಕೆಟ್. ಆ ಸಾಕೆಟ್ ಮುಟ್ಟಿದರೆ ಕೈ ಸುಡುತ್ತಿತ್ತು.

ಎಲ್ಲ ಕಿತ್ತೆ. ಬ್ಯಾಟರಿಯಿಂದ ನೇರವಾಗಿ 6 ಸ್ಕ್ವೇರ್ ತಾಮ್ರದ ವೈರು, ಬ್ಯಾಟರಿ ಪಕ್ಕದಲ್ಲೇ 15 ಆ್ಯಂಪ್ ಫ್ಯೂಸ್, ಕೊನೆಗೆ ಬಿಗಿಯಾಗಿ ಕೂರುವ ಆ್ಯಂಡರ್ಸನ್ ಪ್ಲಗ್. ಅರ್ತಿಂಗ್ ಅಂತ ಗಾಡಿಯ ಬಾಡಿ ತಗಡಿಗೆ ಜೋಡಿಸಲಿಲ್ಲ, ನೆಗೆಟಿವ್ ವೈರನ್ನೂ ಬ್ಯಾಟರಿವರೆಗೆ ಎಳೆದೆ. ವೈರಿನ ತುದಿಗೆ ಹಾಕುವ ಲಗ್ಗುಗಳನ್ನು ಸುತ್ತಿಗೆಯಿಂದ ಬಡಿಯಲಿಲ್ಲ, ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರ ಬಾಡಿಗೆಗೆ ತಂದು ಒತ್ತಿದೆ. ಖರ್ಚು 2,200 ಆಸುಪಾಸು. ಅವತ್ತಿನಿಂದ ಇವತ್ತಿನವರೆಗೆ ಆ ಎರರ್ ಒಂದೇ ಒಂದು ಸಲ ಬಂದಿಲ್ಲ. ರಸ್ತೆಯ ಹಂಪ್ ಹಾರಿದಾಗ ಪ್ಲಗ್ ಕಳಚುವ ಕಾಟವೂ ಹೋಯಿತು. 27,000ದ ಫ್ರಿಜ್ಜನ್ನು ಬೈದು ಮಾರಲು ಹೊರಟವರು ನನಗೆ ಇಬ್ಬರು ಸಿಕ್ಕಿದ್ದಾರೆ. ಇಬ್ಬರದ್ದೂ ವೈರು ನೋಡಿದೆ. ಎರಡೂ ಸಣ್ಣವು.

ಟ್ಯೂಬುಲರ್ ಎಂಟು ತಿಂಗಳು ಬಾಳಿತು. ಅದಕ್ಕೆ 14.4 ವೋಲ್ಟು ಬೇಕು, ಗಂಟೆಗಟ್ಟಲೆ ಬೇಕು. ನನ್ನ ಡೈನಮೋ ಕೊಡುವುದು 13.9, ರಿಲೇ ದಾಟಿ ಹಿಂದೆ ಬರುವಷ್ಟರಲ್ಲಿ 13.3. ಹೊಟ್ಟೆ ತುಂಬ ಉಣ್ಣದ ಎತ್ತಿನಂತೆ ದಿನದಿನಕ್ಕೆ ಸೊರಗಿತು. 50 ಕಿಲೋ ಭಾರ ಬೇರೆ. ಲೋಕಾಪುರದ ಹತ್ತಿರ ಒಂದು ಗುಂಡಿಗೆ ಇಳಿದಾಗ ಆ್ಯಸಿಡ್ ಚೆಲ್ಲಿ ಮಂಚದ ಪ್ಲೈವುಡ್ ಸುಟ್ಟಿತು.

ಮುಂದಿನದ್ದು 100 ಎಎಚ್ ಲಿಥಿಯಂ ಬ್ಯಾಟರಿ, ಎಲ್‌ಎಫ್‌ಪಿ. 28,000. ಭಾರ 12 ಕಿಲೋ. ಇದನ್ನೂ ಅದೇ ರಿಲೇ ಮೇಲೆ ಹಾಕಿದೆ. ಗೊತ್ತಿದ್ದವರು ಬೇಡ ಅಂದಿದ್ದರು. ಈ ಒಂದು ಮಾತಿನಲ್ಲಿ ಅವರದ್ದೇ ಸರಿ ಇತ್ತು. ಕ್ಲ್ಯಾಂಪ್ ಮೀಟರ್ ಇಟ್ಟು ನೋಡಿದರೆ ಬ್ಯಾಟರಿ 60 ಆ್ಯಂಪ್ ಮೇಲೆ ಎಳೆಯುತ್ತಿದೆ. ವೇಗವಾಗಿ ಓಡುವಾಗ ಡೈನಮೋ ತಡೆದುಕೊಳ್ಳುತ್ತಿತ್ತು. ಜನವರಿಯಲ್ಲಿ ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡೆ. ಮುಕ್ಕಾಲು ಗಂಟೆ ಇಂಜಿನ್ ಐಡಲ್‌ನಲ್ಲಿ. ಡೈನಮೋ ನಿಧಾನ ತಿರುಗಿದರೆ ಅದರ ಫ್ಯಾನೂ ನಿಧಾನ, ಬ್ಯಾಟರಿಯ ಹಸಿವು ಮಾತ್ರ ಅಷ್ಟೇ. ಮೊದಲು ಸುಟ್ಟ ವಾಸನೆ, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಹೊಸ ವೈಂಡಿಂಗ್, ಡಯೋಡ್ ಪ್ಲೇಟ್, ಬೇರಿಂಗ್ ಸೇರಿ 7,000. ಅವತ್ತೇ, ಗಾಡಿಯ ಕರೆಂಟನ್ನು ಹಿಂದಿನ ಬ್ಯಾಟರಿಗೆ ಅಳೆದು ಕೊಡುವ 20 ಆ್ಯಂಪಿನ ಡಿಸಿ-ಡಿಸಿ ಚಾರ್ಜರ್ ಆರ್ಡರ್ ಮಾಡಿದೆ. 11,500 ಇರಬೇಕು. ಇಗ್ನಿಷನ್ ಆನ್ ಆದಾಗ ಮಾತ್ರ ಎಚ್ಚರಾಗುತ್ತದೆ, 20ಕ್ಕಿಂತ ಜಾಸ್ತಿ ಕೊಡುವುದಿಲ್ಲ, ಗಾಡಿಯ ಬ್ಯಾಟರಿಯನ್ನು ಹಿಂದಿನಿಂದ ಬರಿದು ಮಾಡುವ ಭಯ ಇಲ್ಲ. 40 ಆ್ಯಂಪಿನದ್ದೇ ತಗೋ ಅಂತ ಬಹಳ ಜನ ಹೇಳಿದರು. ಬೇಡ. ಎರಡು ಗಂಟೆ ಓಡಿದರೆ 40 ಎಎಚ್ ಬಂತು. ನಮ್ಮಂಥವರಿಗೆ ಅಷ್ಟು ಸಾಕು.

ಇಷ್ಟಾದ ಮೇಲೂ, ಈ ಒಂಬತ್ತು ದಿನದ ಸುತ್ತಾಟಕ್ಕೆ ಮೊದಲು, ವಿಜಯಪುರದಲ್ಲಿ ಒಮ್ಮೆ ಕೈ ಕೊಟ್ಟಿತು. ಗೋಳಗುಮ್ಮಟ ನೋಡಿ ಮಧ್ಯಾಹ್ನ ಮೂರಕ್ಕೆ ಗಾಡಿಗೆ ಬಂದರೆ ಮೇಲಿನ ಸೋಲಾರ್ ಪ್ಯಾನೆಲ್ಲಿನಿಂದ ಚಾರ್ಜ್ ಸೊನ್ನೆ. ನೆತ್ತಿಯ ಮೇಲೆ ಸೂರ್ಯ, ಮೀಟರಿನಲ್ಲಿ ಏನೂ ಇಲ್ಲ. ಸೋಲಾರ್ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಎಂಪಿಪಿಟಿ ಸುಟ್ಟಿತು ಅಂದುಕೊಂಡೆ. ಬ್ಯಾಟರಿಯೊಳಗೆ ಕಾವಲು ಕಾಯುವ ಬೋರ್ಡು, ಬಿಎಂಎಸ್ಸಿನ ಆ್ಯಪ್ ತೆಗೆದರೆ ಸೆಲ್ಲುಗಳ ಬಿಸಿ 50ರ ಹತ್ತಿರ. ಅಷ್ಟು ಬಿಸಿಯಾದರೆ ಚಾರ್ಜ್ ಒಳಗೆ ಬಿಡುವುದಿಲ್ಲ. ಬಿಡಲೂಬಾರದು. ಬ್ಯಾಟರಿಯನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟಿದ್ದೆ, ಇಂಜಿನ್ನಿನ ಕಾವೆಲ್ಲ ಅಲ್ಲಿಗೇ. ಊರಿಗೆ ಬಂದು ಅದನ್ನು ಹಿಂದಿನ ಬಾಗಿಲ ಹತ್ತಿರ ಸರಿಸಿದೆ. ಅದಕ್ಕೆ ಡಿಸಿ-ಡಿಸಿವರೆಗೆ 16 ಸ್ಕ್ವೇರ್ ವೈರು ಉದ್ದವಾಗಿ ಎಳೆಯಬೇಕಾಯಿತು. ಮತ್ತೆ 3,000. ಈಗ ಮೇ ತಿಂಗಳಲ್ಲೂ ಸೆಲ್ಲುಗಳ ಬಿಸಿ 43 ದಾಟಿಲ್ಲ.

ಸೋಲಾರ್ ಎರಡು 100 ವ್ಯಾಟಿನವು, ಮಲಗಿಸಿ ಬಿಗಿದದ್ದು. ಒಳ್ಳೆ ದಿನ 45-50 ಎಎಚ್ ಕೊಡುತ್ತವೆ. ಹವೆಯ ಕಾವು ಜಾಸ್ತಿ ಇದ್ದರೆ ಕರೆಂಟೂ ಜಾಸ್ತಿ ಅಂತ ಲೆಕ್ಕ ಹಾಕಬೇಡಿ. ಪ್ಯಾನೆಲ್ ಕಾದಷ್ಟೂ ಇಳುವರಿ ಇಳಿಯುತ್ತದೆ. ನನಗೆ ಹೆಚ್ಚು ಬಂದದ್ದು ಫೆಬ್ರವರಿಯಲ್ಲಿ, ಮೇನಲ್ಲಿ ಅಲ್ಲ. ಎರೆ ನೆಲದ ರಸ್ತೆಯಲ್ಲಿ ಒಂದು ದಿನ ಓಡಿದರೆ ಮೇಲೆ ಕಪ್ಪು ಧೂಳು ಕೂರುತ್ತದೆ. ಬೆಳಗ್ಗೆ ಒದ್ದೆ ಬಟ್ಟೆಯಿಂದ ಒರೆಸುವುದು ಮಗಳ ಕೆಲಸ. ಒರೆಸಿದ ದಿನ, ಒರೆಸದ ದಿನ ಅಂತ ಅವಳೇ ಬರೆದಿಟ್ಟಿದ್ದಾಳೆ. ಐದಾರು ಎಎಚ್ ವ್ಯತ್ಯಾಸ.

ಇನ್ನು ಫ್ರಿಜ್ ತಿನ್ನುವುದು. ಮಂಚದ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಾಗ ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ, ದಿನಕ್ಕೆ 70 ಎಎಚ್ ಹೋಗುತ್ತಿತ್ತು. ನೆಲಕ್ಕೆ ಒಂದು ತೂತು, ಮೇಲಕ್ಕೆ ಒಂದು ತೂತು, ಹಳೇ ಕಂಪ್ಯೂಟರಿನ ಎರಡು ಫ್ಯಾನು. ಈಗ ಮೇನಲ್ಲಿ 50ರ ಆಸುಪಾಸು, ಡಿಸೆಂಬರಿನಲ್ಲಿ 30-32. ಧೂಳಿಗೆ ಹಳೆ ಬನಿಯನ್ ಬಟ್ಟೆಯ ಜಾಲರಿ. ಫ್ಯಾನು ಯಾವಾಗ ತಿರುಗಬೇಕು ಅಂತ ಹೇಳುವ ಸೆನ್ಸರನ್ನು ಮೂರು ಕಡೆ ಇಟ್ಟು ನೋಡಿ ನಾಲ್ಕನೆಯ ಜಾಗದಲ್ಲಿ ಗೆದ್ದೆ. ಆ ಜಾಗ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಎರಡು ಬೇಸಿಗೆ ತಿಂದಿದೆ ಅದು. ಗಾಡಿ ಇರುವವರು ನವನಗರಕ್ಕೆ ಬಂದರೆ ತೋರಿಸುತ್ತೇನೆ.

ನನಗೆ ಹೆಮ್ಮೆ ಇರುವುದು ಓಡಿಸುವ ಕ್ರಮದ ಬಗ್ಗೆ. ಗಾಡಿ ಓಡುವಾಗ ಫ್ರಿಜ್ಜನ್ನು 1 ಡಿಗ್ರಿಗೆ ಇಳಿಸುತ್ತೇನೆ. ಆಗ ಕರೆಂಟು ಡೈನಮೋದ್ದು. ಸಂಜೆ ನಿಂತ ಮೇಲೆ 5ಕ್ಕೆ ಏರಿಸುತ್ತೇನೆ. ಒಳಗಿನ ನೀರಿನ ಬಾಟಲಿ, ಹಾಲು, ಮೊಸರಿನ ಡಬ್ಬಿ ಎಲ್ಲ ತಂಪು ಹಿಡಿದುಕೊಂಡಿರುತ್ತವೆ. ಕಂಪ್ರೆಸರ್ ರಾತ್ರಿ ಹತ್ತರವರೆಗೆ ಏಳುವುದೇ ಇಲ್ಲ. ಫ್ರಿಜ್ ಅರ್ಧ ಖಾಲಿ ಇಟ್ಟರೆ ಇದು ನಡೆಯುವುದಿಲ್ಲ. ತುಂಬಿಸಿ, ಏನೂ ಇಲ್ಲದಿದ್ದರೆ ನೀರು ತುಂಬಿಸಿ. ಆದರೆ ಈ ಕ್ರಮ ಕಲಿಯುವಾಗ ಒಂದು ಪೆಟ್ಟು ತಿಂದೆ. ಮೊದಲ ಸಲ ಮೈನಸ್ 2ಕ್ಕೆ ಇಳಿಸಿದ್ದೆ. ಗೋಡೆಗೆ ಒತ್ತಿಕೊಂಡಿದ್ದ ಎರಡು ಪೆನ್ನು ಹೆಪ್ಪುಗಟ್ಟಿದವು. ಎಸೆದೆ. ದುಡ್ಡಿಗಿಂತ ಅವ್ವನ ಮುಖ ನೋಡಿ ಸಂಕಟ ಆಯಿತು. ಈಗ ಪೆನ್ನುಗಳು ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ, ಸುತ್ತ ಉಣ್ಣೆ ಬಟ್ಟೆ, ಫ್ರಿಜ್ಜಿನ ನಟ್ಟ ನಡುವೆ, ಪಕ್ಕದಲ್ಲೇ ಸಣ್ಣ ಥರ್ಮಾಮೀಟರ್. ಡಬ್ಬಿಯೊಳಗೆ 3ಕ್ಕಿಂತ ಕೆಳಗೆ ಇಳಿದಿಲ್ಲ.

ಹೊರಡುವ ಎರಡು ದಿನ ಮೊದಲು ಮನೆಯ ಫ್ರೀಜರಿನಲ್ಲಿ ಲೀಟರಿನ ಮೂರು ಬಾಟಲಿ ಉಪ್ಪುನೀರು ಇಡುತ್ತೇನೆ. ಅವನ್ನು ಹಾಕಿಕೊಂಡು ಹೊರಟರೆ ಮೊದಲ ದಿನ ಹತ್ತು ಎಎಚ್ ಉಳಿತಾಯ. ಉಪ್ಪು ಎಷ್ಟು ಅಂತ ಬೆಳಗಾವಿಯವರು ಕೇಳಿದ್ದಾರೆ. ಒಂದು ಮುಷ್ಟಿ ಅಂದಿದ್ದೇನೆ. ಮುಷ್ಟಿ ಯಾರದ್ದು ಅನ್ನೋದು ಮುಖ್ಯ.

ಕಾಯಿಪಲ್ಲೆಗೆ ಫ್ರಿಜ್ ಬೇಕೇ ಅಂತಲೂ ಪರೀಕ್ಷೆ ಮಾಡಿದೆ. ಕಲಾದಗಿಯಲ್ಲಿ ಒಂದು ಮಣ್ಣಿನ ಮಡಕೆ ತಂದು, ಸುತ್ತ ಹಸಿ ಗೋಣಿಚೀಲ ಸುತ್ತಿ, ಕಿಟಕಿಯ ಗಾಳಿಗೆ ಕಟ್ಟಿದೆ. ಹೊರಗೆ 39, ಮಡಕೆಯೊಳಗೆ 25. ಬದನೆಕಾಯಿ, ಸೌತೆ, ಮೆಂತ್ಯ ಎಲ್ಲ ಅಲ್ಲಿಗೇ ಹೋದವು. ಫ್ರಿಜ್ಜಿನ ಮುಚ್ಚಳ ದಿನಕ್ಕೆ ಹತ್ತು ಸಲ ತೆಗೆಯುವುದು ತಪ್ಪಿತು. ಕಾರವಾರಕ್ಕೆ ಹೋದಾಗ ಇದೇ ಮಡಕೆ ಏನೂ ಮಾಡಲಿಲ್ಲ. ಅಲ್ಲಿ ಗಾಳಿಯಲ್ಲೇ ನೀರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಇವಕ್ಕೆಲ್ಲ ಫ್ರಿಜ್ ಬೇಡವೇ ಬೇಡ. ನಮ್ಮ ಕಡೆಯ ಊಟವೇ ಪ್ರವಾಸಕ್ಕೆ ಹೇಳಿ ಮಾಡಿಸಿದ್ದು, ಅಲ್ವಾ?

ದುಡ್ಡಿನ ಲೆಕ್ಕ ಬಾಯಿ ಲೆಕ್ಕವೇ. ಈಗ ಗಾಡಿಯಲ್ಲಿ ಇರುವುದಕ್ಕೆ ಫ್ರಿಜ್, ಬ್ಯಾಟರಿ, ಡಿಸಿ-ಡಿಸಿ, ಪ್ಯಾನೆಲ್ಲು, ಎಂಪಿಪಿಟಿ, ವೈರು, ಫ್ಯೂಸು ಸೇರಿ 85,000 ಆಗಿದೆ. ಕಲಿಯಲು ಕಳೆದದ್ದು ಇನ್ನೊಂದು 30,000 ಚಿಲ್ಲರೆ. ಮೊದಲೇ ಯಾರಾದರೂ ವೈರು ದಪ್ಪ ಮಾಡು, ಡಿಸಿ-ಡಿಸಿ ಹಾಕು ಅಂತ ಕೂರಿಸಿ ಹೇಳಿದ್ದರೆ ಆ 30,000 ಉಳಿಯುತ್ತಿತ್ತು. ಅದಕ್ಕೇ ಇಷ್ಟು ಉದ್ದ ಬರೆದೆ.

ಭಾವ ಮೊನ್ನೆ ಬಂದು ಫ್ರಿಜ್ಜಿನಿಂದ ಮಜ್ಜಿಗೆ ತೆಗೆದು ಕುಡಿದ. ಏನೂ ಅನ್ನಲಿಲ್ಲ. ಹೋಗುವಾಗ ಡಿಸಿ-ಡಿಸಿಯ ಫೋಟೋ ಹೊಡೆದುಕೊಂಡ.

ಉಳಿದಿರುವುದು ಮಳೆಗಾಲ. ಜುಲೈನಲ್ಲಿ ಖಾನಾಪುರ, ಜಾಂಬೋಟಿ ಕಡೆ ಎರಡು ದಿನ ಸೂರ್ಯ ಕಾಣಲಿಲ್ಲ. ಸೋಲಾರ್ ದಿನಕ್ಕೆ ಏಳೆಂಟು ಎಎಚ್ ಕೊಟ್ಟಿತು, ಅಷ್ಟೇ. ತಂಪು ಹವೆಗೆ ಫ್ರಿಜ್ಜೂ 25 ಮಾತ್ರ ತಿಂದಿತು. ಮೂರನೆಯ ದಿನ ಬೆಳಗ್ಗೆ ಬ್ಯಾಟರಿಯಲ್ಲಿ 60 ಪರ್ಸೆಂಟ್ ಇತ್ತು. ಬರುವ ಮಳೆಗಾಲಕ್ಕೆ ನಾಲ್ಕು ದಿನ ನಿಂತು ನೋಡುತ್ತೇನೆ.